ಸರ್ಪಗಂಧ, ಮೊಲ ಮತ್ತು ನಡುಗುವ ಕೈ

ಹಳ್ಳಿ ಕಡೆ ಬೆಳೆದವರಿಗೆ ನಸುಗುನ್ನಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಬೇಲಿ ಮೇಲೆ ಹಬ್ಬಿರುವ ಬಳ್ಳಿ, ಕಂದು ಬಣ್ಣದ ವೆಲ್ವೆಟ್ ಹೊದ್ದ ಹಾಗಿರೋ ಕಾಯಿ. ನೋಡೋಕೆ ಚೆಂದ, ಮುಟ್ಟಿದ್ರೆ ಮುಗೀತು. ಆ ಕಾಯಿಯ ರೋಮ ಮೈಗೆ ತಾಗಿದ್ರೆ ಸಗಣಿ ಬಳ್ಕೊಂಡು ಕೂರೋದೇ ಗತಿ. ಸ್ಕೂಲಿನಲ್ಲಿ ಆಗದವರ ಬೆಂಚಿನ ಮೇಲೆ ಇದನ್ನು ಉಜ್ಜಿ ಬರೋದು ನಮ್ಮ ಕಾಲದ ಅತಿ ದೊಡ್ಡ ಸೇಡು.

ಈಗ ಇದೇ ನಸುಗುನ್ನಿ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಬೇರೆಯೇ ವೇಷದಲ್ಲಿ ಓಡಾಡ್ತಿದೆ. 'ಪಾರ್ಕಿನ್ಸನ್ ಕಾಯಿಲೆಗೆ ಮದ್ದು ನಮ್ಮ ಪೂರ್ವಜರಿಗೆ ಸಾವಿರಾರು ವರ್ಷಗಳ ಹಿಂದೆಯೇ ಗೊತ್ತಿತ್ತು, ವಿದೇಶಿ ಕಂಪನಿಗಳು ಕದ್ದವು' ಎಂಬುದು ಅದರ ಸಾರಾಂಶ. ಇಂಥ ಮೆಸೇಜು ಬಂದ ತಕ್ಷಣ ಗುಂಪು ಎರಡಾಗುತ್ತೆ. ಒಂದು ಕಡೆಯವರು ಕೈ ಮುಗೀತಾರೆ, ಇನ್ನೊಂದು ಕಡೆಯವರು ನಗ್ತಾರೆ. ನಡೆದ ಕಥೆ ಏನು ಅಂತ ಕೇಳುವ ವ್ಯವಧಾನ ಇಬ್ಬರಿಗೂ ಇರಲ್ಲ. ಆ ಕಥೆಯಾದರೂ ಈ ಎರಡೂ ವಾದಗಳಿಗಿಂತ ಎಷ್ಟೋ ಸ್ವಾರಸ್ಯವಾಗಿದೆ. ಅದರಲ್ಲಿ ನಮ್ಮ ನೆಲದ ಎರಡು ಗಿಡಗಳಿವೆ. ಒಂದು ಗಿಡ ರೋಗವನ್ನು ಅರ್ಥ ಮಾಡಿಸಿತು, ಇನ್ನೊಂದರ ಬೀಜದಲ್ಲಿ ಮದ್ದು ಇತ್ತು. ಆದರೆ ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿ ದೆಹಲಿ, ಕಲ್ಕತ್ತ, ಮುಂಬೈ, ಬಾಸೆಲ್, ಲುಂಡ್, ವಿಯೆನ್ನಾ ಎಲ್ಲ ಸುತ್ತಿಕೊಂಡು ಹೋಗುತ್ತೆ.

ಮೊದಲು ರೋಗದ ವಿಷಯ. 1817ರಲ್ಲಿ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಎಂಬ ವೈದ್ಯ 'ನಡುಗುವ ಪಾರ್ಶ್ವವಾಯು' ಕುರಿತು ಒಂದು ಪುಟ್ಟ ಪುಸ್ತಕ ಬರೆದ. ಅದರಲ್ಲಿದ್ದದ್ದು ಬರೀ ಆರು ಜನರ ವಿವರ. ಅವರಲ್ಲೂ ಎಲ್ಲರೂ ಅವನ ರೋಗಿಗಳಲ್ಲ, ಕೆಲವರನ್ನು ಅವನು ಬೀದಿಯಲ್ಲಿ ನೋಡಿದ್ದಷ್ಟೇ. ಸುಮ್ಮನಿದ್ದಾಗ ನಡುಗುವ ಕೈ, ಮುಂದಕ್ಕೆ ಬಾಗಿದ ಮೈ, ನಡೆಯಲು ಹೋದರೆ ತಾನಾಗಿ ಓಟಕ್ಕೆ ತಿರುಗುವ ಪುಟ್ಟ ಪುಟ್ಟ ಹೆಜ್ಜೆ. ಇವೆಲ್ಲ ಬೇರೆ ಬೇರೆ ತೊಂದರೆಗಳಲ್ಲ, ಒಂದೇ ಕಾಯಿಲೆಯ ಮುಖಗಳು ಎಂದು ಗುರುತಿಸಿದ್ದು ಅವನ ಹೆಚ್ಚುಗಾರಿಕೆ. ಅರ್ಧ ಶತಮಾನ ಕಳೆದ ಮೇಲೆ ಪ್ಯಾರಿಸ್ಸಿನ ಶಾರ್ಕೋ ಈ ರೋಗಕ್ಕೆ ಪಾರ್ಕಿನ್ಸನ್ ಹೆಸರಿಟ್ಟರು. ಎಲ್ಲ ರೋಗಿಗಳೂ ನಡುಗುವುದಿಲ್ಲ, ನಿಧಾನವಾಗುವುದೇ ದೊಡ್ಡ ಲಕ್ಷಣ ಎಂದೂ ತೋರಿಸಿಕೊಟ್ಟರು.

ನಮ್ಮೂರಿನ ಹೋಟೆಲಿನಲ್ಲಿ ಒಬ್ಬ ಅಜ್ಜನಿಗೆ ಮಾತ್ರ ಯಾವಾಗಲೂ ಅರ್ಧ ಲೋಟ ಕಾಫಿ ಕೊಡ್ತಿದ್ರು. ತುಂಬಿಸಿ ಕೊಟ್ರೆ ಪಂಚೆ ಮೇಲೆ ಚೆಲ್ತಿತ್ತು. ಕುಡಿದ ಮೇಲೆ ಇನ್ನರ್ಧ ಲೋಟ ಹಾಕೋರು. 'ವಯಸ್ಸಾಯ್ತಲ್ಲ, ನರ ಸಡಿಲ ಆಗಿದೆ' ಅಂತ ಊರಿನ ತೀರ್ಮಾನ. ಅದರಲ್ಲಿ ಕರುಣೆ ಇತ್ತು, ರೋಗಕ್ಕೊಂದು ಹೆಸರು ಇರಲಿಲ್ಲ. ಪಾರ್ಕಿನ್ಸನ್ ಪುಸ್ತಕ ಬರೆದು ನೂರೆಂಬತ್ತು ವರ್ಷ ಆಗಿತ್ತು, ಮಾತ್ರೆ ಬಂದು ಕಾಲು ಶತಮಾನ ದಾಟಿತ್ತು. ಎರಡೂ ನಮ್ಮೂರಿನ ಬಸ್ ಸ್ಟಾಪಿನಲ್ಲಿ ಇಳಿದಿರಲಿಲ್ಲ.

ಕಾಯಿಲೆಗೆ ಹೆಸರು ಸಿಕ್ಕಿತು ಸರಿ, ಕಾರಣ? 1919ರಲ್ಲಿ ಕಾನ್‌ಸ್ಟಾಂಟಿನ್ ಟ್ರೆಟಿಯಾಕಾಫ್ ಎಂಬ ಯುವಕ ಪ್ಯಾರಿಸ್ಸಿನಲ್ಲಿ ಒಂದು ಥೀಸಿಸ್ ಬರೆದ. ಪಾರ್ಕಿನ್ಸನ್ ರೋಗದಿಂದ ಸತ್ತವರ ಮೆದುಳಿನಲ್ಲಿ ಒಂದು ಜಾಗ ಬಿಳುಚಿಕೊಂಡಿತ್ತು. ಮೆದುಳಿನ ಬುಡದಲ್ಲಿ ಕಪ್ಪಗೆ ಕಾಣುವ ಒಂದು ಪಟ್ಟಿ ಅದು. ಕಪ್ಪು ವಸ್ತು ಎಂಬ ಅರ್ಥದಲ್ಲಿ ಅದನ್ನು ಸಬ್‌ಸ್ಟಾನ್ಷಿಯಾ ನೈಗ್ರಾ ಅಂತಾರೆ. ಅಲ್ಲಿನ ಕೋಶಗಳು ಸತ್ತಿದ್ದವು. ಆದರೆ ಆ ಕೋಶಗಳು ಮಾಡುತ್ತಿದ್ದ ಕೆಲಸವೇನು ಎಂದು ಯಾರಿಗೂ ತಿಳಿಯದ ಕಾರಣ ಈ ಶೋಧ ಮುಂದಕ್ಕೆ ಹೋಗಲಿಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಸರ್ವರ್ ಡೌನ್ ಆಗಿದೆ ಅಂತ ಗೊತ್ತು, ಆ ಸರ್ವರ್ ಯಾಕೆ ಇತ್ತು ಅಂತ ಯಾರೂ ಬರೆದಿಟ್ಟಿಲ್ಲ.

ಈಗ ಸರ್ಪಗಂಧಕ್ಕೆ ಬರೋಣ. ಪಶ್ಚಿಮ ಘಟ್ಟದಲ್ಲೂ ಸಿಗುವ ಪುಟ್ಟ ಗಿಡ. ಹಾವು ಕಚ್ಚಿದರೆ ಇದರ ಬೇರು ಕೊಡುವ ಪದ್ಧತಿ ಹಳೆಯದು. ಉತ್ತರ ಭಾರತದ ಕೆಲವು ಕಡೆ ಇದಕ್ಕೆ ಹುಚ್ಚಿನ ಮದ್ದು ಎಂದೇ ಹೆಸರು. ಕೆರಳಿದವರಿಗೆ ಇದರ ಪುಡಿ ಕೊಟ್ಟರೆ ತಣ್ಣಗಾಗಿ ಮಲಗುತ್ತಾರೆ ಎಂಬುದು ಜನರ ಅನುಭವ. 1931ರಲ್ಲಿ ಎರಡು ಊರುಗಳಲ್ಲಿ ಈ ಬೇರಿನ ಮೇಲೆ ಕೆಲಸ ನಡೆಯಿತು. ದೆಹಲಿಯಲ್ಲಿ ಸಲೀಮುಜ್ಜಮಾನ್ ಸಿದ್ದೀಕಿ ಮತ್ತು ರಫತ್ ಹುಸೇನ್ ಸಿದ್ದೀಕಿ ಬೇರಿನಿಂದ ಹಲವು ರಾಸಾಯನಿಕಗಳನ್ನು ಬೇರ್ಪಡಿಸಿದರು. ಒಂದಕ್ಕೆ ಅಜ್ಮಲೀನ್ ಎಂದು ಹೆಸರಿಟ್ಟರು. ತಮ್ಮ ಸಂಶೋಧನೆಗೆ ಆಸರೆಯಾಗಿದ್ದ ಹಕೀಮ್ ಅಜ್ಮಲ್ ಖಾನರ ನೆನಪಿಗೆ. ಅಜ್ಮಲ್ ಖಾನ್ ಯುನಾನಿ ವೈದ್ಯರು, ಕಾಂಗ್ರೆಸ್ಸಿನ ಅಧ್ಯಕ್ಷರೂ ಆಗಿದ್ದವರು. ಇತ್ತ ಕಲ್ಕತ್ತದಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್, ಈ ಬೇರು ಏರಿದ ರಕ್ತದೊತ್ತಡವನ್ನೂ ಕೆರಳಿದ ಮನಸ್ಸನ್ನೂ ಇಳಿಸುತ್ತದೆ ಎಂದು ಬರೆದರು. ಭಾರತದ ಹೊರಗೆ ಇದನ್ನು ಓದಿದವರು ಬಹಳ ಕಡಿಮೆ.

ಹೊರಗಿನವರು ಗಮನ ಕೊಟ್ಟದ್ದು 1949ರಲ್ಲಿ. ಮುಂಬೈನ ಹೃದ್ರೋಗ ತಜ್ಞ ರುಸ್ತುಮ್ ಜಾಲ್ ವಕೀಲ್ ತಮ್ಮ ರಕ್ತದೊತ್ತಡದ ರೋಗಿಗಳಿಗೆ ಸರ್ಪಗಂಧ ಕೊಟ್ಟ ಫಲಿತಾಂಶವನ್ನು ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಆಗ ರಕ್ತದೊತ್ತಡಕ್ಕೆ ಹೇಳಿಕೊಳ್ಳುವಂಥ ಮಾತ್ರೆಯೇ ಇರಲಿಲ್ಲ ಅನ್ನೋದು ನೆನಪಿರಲಿ. ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಸೀಬಾ ಕಂಪನಿಯ ರಸಾಯನತಜ್ಞರು 1952ರಲ್ಲಿ ಆ ಬೇರಿನ ಮುಖ್ಯ ಸತ್ವವನ್ನು ಹಿಡಿದರು. ಅದೇ ರಿಸರ್ಪಿನ್. 1954ರಲ್ಲಿ ನ್ಯೂಯಾರ್ಕಿನ ನೇಥನ್ ಕ್ಲೈನ್ ಇದನ್ನು ಮಾನಸಿಕ ಆಸ್ಪತ್ರೆಯ ರೋಗಿಗಳಿಗೆ ಕೊಟ್ಟ ಫಲವನ್ನು ವರದಿ ಮಾಡಿದರು. ಬಿಹಾರದ ಹಳ್ಳಿಯಲ್ಲಿ ಮಾಡುತ್ತಿದ್ದದ್ದನ್ನೇ ಅಮೆರಿಕದ ಆಸ್ಪತ್ರೆಯಲ್ಲಿ ಮಿಲಿಗ್ರಾಂ ಲೆಕ್ಕದಲ್ಲಿ ಮಾಡಿದಂತಾಯ್ತು.

ಅಷ್ಟರಲ್ಲಿ ಒಂದು ವಿಚಿತ್ರ ಕಂಡುಬಂತು. ರಿಸರ್ಪಿನ್ ಜಾಸ್ತಿ ತೆಗೆದುಕೊಂಡ ಕೆಲವರ ಕೈ ನಡುಗತೊಡಗಿತು. ಮುಖ ಮರಗಟ್ಟಿದಂತಾಯಿತು, ಹೆಜ್ಜೆ ನಿಧಾನವಾಯಿತು. ಅಂದರೆ ಸಾಕ್ಷಾತ್ ಪಾರ್ಕಿನ್ಸನ್ ರೋಗವೇ! ಔಷಧ ನಿಲ್ಲಿಸಿದರೆ ಇವೆಲ್ಲ ಮಾಯ. ವೈದ್ಯರು ಇದನ್ನು ಅಡ್ಡ ಪರಿಣಾಮ ಎಂದು ಬರೆದುಕೊಂಡರು. ಆದರೆ ಸಾಫ್ಟ್‌ವೇರ್ ಕೆಲಸ ಮಾಡೋರಿಗೆ ಗೊತ್ತು, ಒಂದು ಬಗ್ ಅನ್ನು ಬೇಕೆಂದಾಗ ತರಿಸೋಕೆ ಸಾಧ್ಯವಾದ್ರೆ ಅರ್ಧ ಕೆಲಸ ಮುಗಿದ ಹಾಗೆ. ನೂರ ಮೂವತ್ತು ವರ್ಷ ಯಾರಿಗೂ ಅರ್ಥವಾಗದ ಕಾಯಿಲೆಯನ್ನು ಈಗ ಬೇಕೆಂದಾಗ ತರಿಸಬಹುದಿತ್ತು, ಬೇಡವೆಂದಾಗ ಬಿಡಿಸಬಹುದಿತ್ತು.

ಇದನ್ನು ಬಳಸಿಕೊಂಡವರು ಸ್ವೀಡನ್ನಿನ ಅರ್ವಿಡ್ ಕಾರ್ಲ್ಸನ್. 1955ರಲ್ಲಿ ಅವರು ಅಮೆರಿಕದ ಬೆಥೆಸ್ಡಾದಲ್ಲಿ ಬರ್ನಾರ್ಡ್ ಬ್ರೋಡಿಯವರ ಪ್ರಯೋಗಾಲಯಕ್ಕೆ ಕೆಲವು ತಿಂಗಳ ಮಟ್ಟಿಗೆ ಹೋದರು. ರಿಸರ್ಪಿನ್ ಕೊಟ್ಟರೆ ಮೆದುಳಿನಲ್ಲಿರುವ ಸೆರೊಟೋನಿನ್ ಖಾಲಿಯಾಗುತ್ತದೆ ಎಂದು ಅಲ್ಲಿ ಆಗಷ್ಟೇ ಕಂಡುಕೊಂಡಿದ್ದರು. ಲುಂಡ್‌ಗೆ ಮರಳಿದ ಕಾರ್ಲ್ಸನ್, ನಿಲ್ಸ್ ಓಕೆ ಹಿಲಾರ್ಪ್ ಜತೆ ಸೇರಿ ಇನ್ನೊಂದು ವಿಷಯ ಕಂಡುಕೊಂಡರು: ಖಾಲಿಯಾಗುವುದು ಸೆರೊಟೋನಿನ್ ಒಂದೇ ಅಲ್ಲ, ನಾರ್‌ಅಡ್ರಿನಲಿನ್ ಕೂಡ. ಹಾಗಾದರೆ ಪ್ರಾಣಿ ಮಂಕಾಗಿ ಬೀಳುವುದು ಯಾವುದು ಖಾಲಿಯಾದ್ದರಿಂದ?

ಸುಲಭದ ದಾರಿ, ಒಂದೊಂದನ್ನೇ ವಾಪಸ್ ತುಂಬಿ ನೋಡುವುದು. ಆದರೆ ರಕ್ತದಿಂದ ಮೆದುಳಿಗೆ ಹೋಗುವ ದಾರಿಯಲ್ಲಿ ಒಂದು ತಡೆಗೋಡೆ ಇದೆ. ಫೈರ್‌ವಾಲ್ ಅಂದುಕೊಳ್ಳಿ. ಸೆರೊಟೋನಿನ್ ಆಗಲಿ ನಾರ್‌ಅಡ್ರಿನಲಿನ್ ಆಗಲಿ ಅದನ್ನು ದಾಟಲ್ಲ. ಅವುಗಳ ಕಚ್ಚಾವಸ್ತು ಮಾತ್ರ ದಾಟುತ್ತೆ. ನಾರ್‌ಅಡ್ರಿನಲಿನ್‌ನ ಕಚ್ಚಾವಸ್ತುವಿನ ಹೆಸರು ಡೋಪಾ. ಒಳಗೆ ಹೋದ ಮೇಲೆ ಡೋಪಾ ಮೊದಲು ಡೋಪಮೈನ್ ಆಗುತ್ತೆ, ಡೋಪಮೈನ್ ನಾರ್‌ಅಡ್ರಿನಲಿನ್ ಆಗುತ್ತೆ. ಆಗಿನ ಎಲ್ಲರ ಪ್ರಕಾರ ಡೋಪಮೈನ್ ಅಂದ್ರೆ ಮಧ್ಯದ ಒಂದು ಮೆಟ್ಟಿಲು, ಅದಕ್ಕೆ ಸ್ವಂತ ಕೆಲಸ ಏನೂ ಇಲ್ಲ.

1957ರಲ್ಲಿ ಕಾರ್ಲ್ಸನ್ ಮತ್ತು ಅವರ ವಿದ್ಯಾರ್ಥಿಗಳು ಮೊಲಗಳಿಗೆ ರಿಸರ್ಪಿನ್ ಕೊಟ್ಟರು. ಮೊಲಗಳು ಕಿವಿ ಇಳಿಬಿಟ್ಟುಕೊಂಡು, ಮುದುಡಿ, ಅಲ್ಲಾಡದೆ ಬಿದ್ದವು. ಸೆರೊಟೋನಿನ್ ಕಚ್ಚಾವಸ್ತು ಕೊಟ್ಟು ನೋಡಿದರು, ಏನೂ ಆಗಲಿಲ್ಲ. ಡೋಪಾ ಕೊಟ್ಟರು. ಕೆಲವೇ ನಿಮಿಷಗಳಲ್ಲಿ ಮೊಲಗಳು ಕಿವಿ ನಿಗುರಿಸಿ ಎದ್ದು ಓಡಾಡತೊಡಗಿದವು. ಆ ಎರಡು ಸ್ಥಿತಿಗಳ ಫೋಟೋಗಳು ಇವತ್ತಿಗೂ ನರವಿಜ್ಞಾನದ ಪಾಠಗಳಲ್ಲಿ ಕಾಣಸಿಗುತ್ತವೆ.

ಇಲ್ಲಿಗೆ ನಿಲ್ಲಿಸಿದ್ದರೆ ಉತ್ತರ ತಪ್ಪಾಗುತ್ತಿತ್ತು. ನಾರ್‌ಅಡ್ರಿನಲಿನ್ ವಾಪಸ್ ಬಂದು ಮೊಲ ಎದ್ದಿತು ಎಂದು ಬರೆದು ಮುಗಿಸಬಹುದಿತ್ತು. ಅವರು ಅಳೆದು ನೋಡಿದರು. ಎದ್ದು ಕೂತಿರುವ ಮೊಲದ ಮೆದುಳಿನಲ್ಲಿ ನಾರ್‌ಅಡ್ರಿನಲಿನ್ ಇನ್ನೂ ಖಾಲಿಯೇ ಇತ್ತು! ಹಾಗಿದ್ದರೆ ಎಬ್ಬಿಸಿದ್ದು ಯಾರು? ಉಳಿದದ್ದು ಆ ಮಧ್ಯದ ಮೆಟ್ಟಿಲು. ಡೋಪಮೈನ್ ಅಳೆಯಲು ಹೊಸ ವಿಧಾನ ಕಟ್ಟಿ 1958ರಲ್ಲಿ ತೋರಿಸಿಯೇಬಿಟ್ಟರು: ಡೋಪಮೈನ್ ಮೆದುಳಿನಲ್ಲಿ ಮೊದಲಿಂದಲೂ ಇದೆ, ರಿಸರ್ಪಿನ್ ಕೊಟ್ಟರೆ ಮಾಯವಾಗುತ್ತದೆ, ಡೋಪಾ ಕೊಟ್ಟರೆ ಮರಳುತ್ತದೆ. ಮರುವರ್ಷ ಅದೇ ಗುಂಪಿನ ಬರ್ಟ್‌ಲರ್ ಮತ್ತು ರೊಸೆಂಗ್ರೆನ್ ಇನ್ನೊಂದು ತುಂಡು ಜೋಡಿಸಿದರು. ಡೋಪಮೈನ್ ಹೆಚ್ಚಾಗಿ ಇರುವುದು ಸ್ಟ್ರಯಾಟಮ್ ಎಂಬ ಭಾಗದಲ್ಲಿ. ಮೈಯ ಚಲನೆಗೂ ಆ ಭಾಗಕ್ಕೂ ಸಂಬಂಧವಿದೆ ಎಂದು ಮೊದಲೇ ಗೊತ್ತಿತ್ತು.

ಎಲ್ಲರೂ ಎದ್ದು ನಿಂತು ಚಪ್ಪಾಳೆ ಹೊಡೆದರು ಅಂದುಕೊಂಡ್ರಾ? ಇಲ್ಲ. 1960ರಲ್ಲಿ ಲಂಡನ್ನಿನಲ್ಲಿ ನಡೆದ ದೊಡ್ಡ ವಿಚಾರ ಸಂಕಿರಣದಲ್ಲಿ ಕಾರ್ಲ್ಸನ್ ಮಾತನ್ನು ಹಿರಿಯರು ಒಪ್ಪಲಿಲ್ಲ. ನರಗಳ ನಡುವಿನ ರಾಸಾಯನಿಕ ಸಂದೇಶದ ಕೆಲಸಕ್ಕೇ ನೊಬೆಲ್ ಪಡೆದಿದ್ದ ಸರ್ ಹೆನ್ರಿ ಡೇಲ್ ಡೋಪಾವನ್ನು ಒಂದು ವಿಷ ಎಂದರು. ಮೆದುಳಿನ ಒಳಗೆ ಕೋಶಗಳು ವಿದ್ಯುತ್ತಿನಿಂದ ಮಾತಾಡುತ್ತವೋ ರಾಸಾಯನಿಕಗಳಿಂದಲೋ ಎಂಬ ಜಗಳವೇ ಆಗಿನ್ನೂ ಪೂರ್ತಿ ಮುಗಿದಿರಲಿಲ್ಲ.

ಮೊಲದಿಂದ ಮನುಷ್ಯನಿಗೆ ಬಂದದ್ದು ವಿಯೆನ್ನಾದಲ್ಲಿ. ಓಲೆ ಹಾರ್ನಿಕೀವಿಚ್ ಎಂಬ ಮೂವತ್ತರ ಹರೆಯದ ಔಷಧ ವಿಜ್ಞಾನಿ ಕಾರ್ಲ್ಸನ್ ಗುಂಪಿನ ಲೇಖನಗಳನ್ನು ಓದಿದರು. ಪಾರ್ಕಿನ್ಸನ್ ರೋಗದಿಂದ ಸತ್ತವರ ಮೆದುಳಿನಲ್ಲಿ ಡೋಪಮೈನ್ ಎಷ್ಟಿದೆ ಎಂದು ಯಾಕೆ ಅಳೆಯಬಾರದು ಎನ್ನಿಸಿತು. ಹರ್ಬರ್ಟ್ ಎಹ್ರಿಂಗರ್ ಎಂಬ ಯುವ ವೈದ್ಯ ಜತೆಯಾದರು. ದುಬಾರಿ ಯಂತ್ರ ಅವರ ಬಳಿ ಇರಲಿಲ್ಲ. ಇದ್ದದ್ದು ಅಯೋಡಿನ್ ಬಳಸುವ ಒಂದು ಬಣ್ಣದ ಪರೀಕ್ಷೆ. ಡೋಪಮೈನ್ ಇದ್ದರೆ ದ್ರಾವಣ ಗುಲಾಬಿ ಬಣ್ಣಕ್ಕೆ ತಿರುಗಬೇಕು. ರೋಗವಿಲ್ಲದವರ ಮೆದುಳಿನ ದ್ರಾವಣ ಚೆನ್ನಾಗಿಯೇ ಗುಲಾಬಿಯಾಯಿತು. ಪಾರ್ಕಿನ್ಸನ್ ರೋಗಿಗಳ ಟ್ಯೂಬಿನಲ್ಲಿ ಬಣ್ಣವೇ ಏರಲಿಲ್ಲ. ಯಂತ್ರದ ಅಂಕಿಗಳು ಬೇಕಾಗಲಿಲ್ಲ, ಬರಿಗಣ್ಣಿಗೇ ವ್ಯತ್ಯಾಸ ಕಾಣುತ್ತಿತ್ತು. 1960ರ ಕೊನೆಯಲ್ಲಿ ಲೇಖನ ಜರ್ಮನ್ ಭಾಷೆಯಲ್ಲಿ ಪ್ರಕಟವಾಯಿತು. ಅವರು ಅಳೆದ ಪಾರ್ಕಿನ್ಸನ್ ಮೆದುಳುಗಳು ಬರೀ ಆರು. ಪಾರ್ಕಿನ್ಸನ್ ಬರೆದದ್ದೂ ಆರು ಜನರ ಬಗ್ಗೆಯೇ.

ಮುಂದಿನ ಹೆಜ್ಜೆ ಸ್ಪಷ್ಟವಿತ್ತು. ಏನಿಲ್ಲವೋ ಅದನ್ನು ಕೊಟ್ಟು ನೋಡುವುದು. ಹಾರ್ನಿಕೀವಿಚ್ ವಿಯೆನ್ನಾದ ವೃದ್ಧಾಶ್ರಮದ ಆಸ್ಪತ್ರೆಯಲ್ಲಿದ್ದ ವಾಲ್ಟರ್ ಬಿರ್ಕ್‌ಮಾಯರ್ ಎಂಬ ನರವೈದ್ಯರನ್ನು ಕೇಳಿಕೊಂಡರು. ತಿಂಗಳುಗಟ್ಟಲೆ ಕಾಯಿಸಿ, ಕೊನೆಗೆ 1961ರ ಜುಲೈನಲ್ಲಿ ಬಿರ್ಕ್‌ಮಾಯರ್ ರೋಗಿಗಳಿಗೆ ಡೋಪಾ ಇಂಜೆಕ್ಷನ್ ಕೊಟ್ಟರು. ಹಾಸಿಗೆಯಲ್ಲಿ ತಾವಾಗಿ ಏಳಲಾರದವರು ಎದ್ದು ಕೂತರು. ಕೂತಲ್ಲಿಂದ ಏಳಲಾರದವರು ನಿಂತರು, ನಡೆದರು. ಗೊಣಗುಟ್ಟುವಂತಿದ್ದ ದನಿ ಸ್ಪಷ್ಟವಾಯಿತು. ಕೆಲವು ಗಂಟೆಗಳಲ್ಲಿ ಎಲ್ಲ ಮೊದಲಿನಂತೆ. ಸರಿಸುಮಾರು ಅದೇ ಹೊತ್ತಿಗೆ ಕೆನಡಾದ ಮಾಂಟ್ರಿಯಲ್‌ನಲ್ಲೂ ಡೋಪಾ ಬಾಯಿ ಮೂಲಕ ಕೊಟ್ಟು ಇಂಥದೇ ಫಲ ಕಂಡಿದ್ದರು.

ಆಮೇಲೆ ಐದಾರು ವರ್ಷ ಎಳೆದಾಟ. ಬೇರೆ ಕಡೆ ಮಾಡಿದ ಪ್ರಯೋಗಗಳಲ್ಲಿ ಕೆಲವೊಮ್ಮೆ ಫಲ ಕಾಣುತ್ತಿತ್ತು, ಕೆಲವೊಮ್ಮೆ ಇಲ್ಲ. ಜಾಸ್ತಿ ಕೊಟ್ಟರೆ ವಾಂತಿ, ಕಡಿಮೆ ಕೊಟ್ಟರೆ ಪ್ರಯೋಜನವಿಲ್ಲ. ಈ ಗಂಟನ್ನು ಬಿಡಿಸಿದ್ದು ಅಮೆರಿಕದ ಬ್ರೂಕ್‌ಹೇವನ್‌ನ ಜಾರ್ಜ್ ಕೊಟ್ಜಿಯಾಸ್. ತುಂಬಾ ಸಣ್ಣ ಪ್ರಮಾಣದಿಂದ ಶುರು ಮಾಡಿ, ವಾರಗಟ್ಟಲೆ ನಿಧಾನವಾಗಿ ಏರಿಸುತ್ತಾ, ದಿನಕ್ಕೆ ಗ್ರಾಂಗಟ್ಟಲೆ ಕೊಟ್ಟರು. 1967ರಲ್ಲಿ ಅವರು ವರದಿ ಮಾಡಿದ 16 ರೋಗಿಗಳಲ್ಲಿ ಅರ್ಧದಷ್ಟು ಜನರ ಸುಧಾರಣೆ ಯಾರೂ ಅಲ್ಲಗಳೆಯಲಾಗದಷ್ಟಿತ್ತು. 1970ರಲ್ಲಿ ಅಮೆರಿಕ ಸರಕಾರ ಮಾತ್ರೆಗೆ ಒಪ್ಪಿಗೆ ಕೊಟ್ಟಿತು. ನಂತರ ಡೋಪಾ ಜತೆಗೆ ಕಾರ್ಬಿಡೋಪಾ ಸೇರಿಸಿದರು. ಇದು ಮೆದುಳಿನ ತಡೆಗೋಡೆ ದಾಟಲ್ಲ. ಹೊರಗೇ ನಿಂತು, ಡೋಪಾ ದಾರಿಯಲ್ಲೇ ಡೋಪಮೈನ್ ಆಗಿ ವ್ಯರ್ಥವಾಗುವುದನ್ನು ತಡೆಯುತ್ತೆ. ಹಾಗಾಗಿ ಡೋಪಾ ಬಹಳ ಕಡಿಮೆ ಸಾಕು, ವಾಂತಿಯೂ ಕಮ್ಮಿ. ಈ ಜೋಡಿ ಮಾತ್ರೆಯ ಸಿನೆಮೆಟ್ ಎಂಬ ಹೆಸರೇ 'ವಾಂತಿ ಇಲ್ಲದೆ' ಎಂಬ ಲ್ಯಾಟಿನ್ ಮಾತಿನಿಂದ ಬಂದದ್ದು.

ಈಗ ನಸುಗುನ್ನಿಗೆ ವಾಪಸ್. ಡೋಪಾ ಎಂಬ ವಸ್ತುವನ್ನು ಯಾರೂ ಹೊಸದಾಗಿ ಹುಡುಕಬೇಕಾಗಿರಲಿಲ್ಲ. 1913ರಲ್ಲಿಯೇ ಬಾಸೆಲ್‌ನ ಮಾರ್ಕಸ್ ಗುಗೆನ್‌ಹೈಮ್ ಅದನ್ನು ಫಾವಾ ಬೀನ್ಸ್ ಕಾಯಿಯಿಂದ ತೆಗೆದಿದ್ದರು. ತಾವೇ ಎರಡೂವರೆ ಗ್ರಾಂ ನುಂಗಿ, ವಾಂತಿ ಮಾಡಿಕೊಂಡು, ಮೊಲಗಳ ಮೇಲೆ ವಿಶೇಷ ಪರಿಣಾಮ ಕಾಣದೆ ಸುಮ್ಮನಾದರು. 1937ರಲ್ಲಿ ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ಇಬ್ಬರು ನಸುಗುನ್ನಿ ಬೀಜದಿಂದ ಅದೇ ಎಲ್-ಡೋಪಾವನ್ನು ಬೇರ್ಪಡಿಸಿ ಬಯೋಕೆಮಿಕಲ್ ಜರ್ನಲ್‌ನಲ್ಲಿ ಬರೆದರು. ಕಾರ್ಲ್ಸನ್‌ರ ಮೊಲಗಳು ಏಳುವುದಕ್ಕೆ 20 ವರ್ಷ ಮೊದಲು ಮದ್ದು ಮದರಾಸಿನ ಸೀಸೆಯಲ್ಲಿತ್ತು. ಉತ್ತರ ಕಪಾಟಿನಲ್ಲಿತ್ತು, ಪ್ರಶ್ನೆ ಇನ್ನೂ ಹುಟ್ಟಿರಲಿಲ್ಲ.

ವಾಟ್ಸ್‌ಆ್ಯಪ್ ವಾದದಲ್ಲಿ ತಪ್ಪಿಹೋಗುವುದು ಇದೇ. ಆಯುರ್ವೇದದಲ್ಲಿ ಕಂಪವಾತ ಎಂಬ ಹೆಸರಿದೆ, ನಿಜ. ಕಪಿಕಚ್ಛು ಎಂದು ಕರೆಯುವ ನಸುಗುನ್ನಿಯನ್ನು ವಾತಕ್ಕೂ ಬಲವರ್ಧನೆಗೂ ಬಳಸುತ್ತಿದ್ದರು, ಅದೂ ನಿಜ. ಅನುಭವದಿಂದ ಬಂದ ಆ ತಿಳಿವಳಿಕೆಗೆ ಗೌರವ ಸಲ್ಲಲೇಬೇಕು. 2004ರಲ್ಲಿ ಲಂಡನ್ನಿನಲ್ಲಿ 8 ರೋಗಿಗಳ ಮೇಲೆ, 2017ರಲ್ಲಿ ಬೊಲಿವಿಯಾದಲ್ಲಿ 18 ರೋಗಿಗಳ ಮೇಲೆ ನಡೆದ ಸಣ್ಣ ಪ್ರಯೋಗಗಳಲ್ಲಿ ನಸುಗುನ್ನಿ ಪುಡಿ ಮಾತ್ರೆಯಷ್ಟೇ ಕೆಲಸ ಮಾಡಿದ್ದೂ ಉಂಟು. ಆದರೆ ಒಂದು ಬೀಜದಲ್ಲಿ ಇದ್ದಷ್ಟು ಡೋಪಾ ಇನ್ನೊಂದರಲ್ಲಿ ಇರಲ್ಲ. ತಳಿ, ಮಣ್ಣು, ಸಂಸ್ಕರಣೆ ಎಲ್ಲದರ ಮೇಲೂ ಅದು ಬದಲಾಗುತ್ತೆ. ಈಗಾಗಲೇ ಮಾತ್ರೆ ತಗೊಳ್ಳೋರು ಯಾರಿಗೂ ಹೇಳದೆ ಆನ್‌ಲೈನ್‌ನಲ್ಲಿ ತರಿಸಿದ ಪುಡಿಯನ್ನೂ ತಿಂದರೆ ಡೋಸು ಎರಡರಷ್ಟಾಗಬಹುದು, ರಕ್ತದೊತ್ತಡ ಕುಸಿಯಬಹುದು, ಮೈ ತಾನಾಗಿ ತಿರುಚಿಕೊಳ್ಳಬಹುದು. ಸಂಸ್ಕೃತಿಯ ಹೆಮ್ಮೆಗಾಗಿ ಅಪ್ಪನ ಡೋಸನ್ನು ಪಣಕ್ಕಿಡಬೇಡಿ.

ಇನ್ನು ಕದ್ದರು ಅನ್ನೋ ಮಾತು. ನಸುಗುನ್ನಿಯನ್ನು ಯಾರೂ ಕದಿಯಲಿಲ್ಲ. ಮಾತ್ರೆಗೆ ದಾರಿ ಆದದ್ದು ಸರ್ಪಗಂಧ. ಆ ಋಣವನ್ನು ಯಾರೂ ಅಷ್ಟಾಗಿ ನೆನೆಯಲ್ಲ ಅನ್ನೋದು ನನ್ನ ತಕರಾರು. ರಿಸರ್ಪಿನ್ ಇಲ್ಲದಿದ್ದರೆ ಆ ಮೊಲಗಳು ಬೀಳುತ್ತಿರಲಿಲ್ಲ, ಬೀಳದಿದ್ದರೆ ಏಳುವ ಪ್ರಶ್ನೆಯೇ ಇರಲಿಲ್ಲ. ಆ ಬೇರಿಗೆ ಬೇಡಿಕೆ ಎಷ್ಟಾಯಿತು ಅಂದ್ರೆ, ಕಾಡಿನಿಂದ ಕಿತ್ತು ಕಿತ್ತು, ಈಗ ಸರ್ಪಗಂಧ ಅಂತರರಾಷ್ಟ್ರೀಯ ವ್ಯಾಪಾರದ ಮೇಲೆ ನಿಯಂತ್ರಣವಿರುವ ಗಿಡಗಳ ಪಟ್ಟಿಯಲ್ಲಿದೆ.

ಮನ್ನಣೆಯ ಲೆಕ್ಕ ಭಾರತದ ವಿಷಯದಲ್ಲಿ ಮಾತ್ರ ತಪ್ಪಿತು ಅನ್ನೋ ಹಾಗೂ ಇಲ್ಲ. 2000ದಲ್ಲಿ ನೊಬೆಲ್ ಬಂದಾಗ ಕಾರ್ಲ್ಸನ್ ಜತೆ ಪಾಲ್ ಗ್ರೀನ್‌ಗಾರ್ಡ್ ಮತ್ತು ಎರಿಕ್ ಕ್ಯಾಂಡೆಲ್ ಇದ್ದರು. ಸತ್ತವರ ಮೆದುಳಿನಲ್ಲಿ ಡೋಪಮೈನ್ ಇಲ್ಲ ಎಂದು ತೋರಿಸಿ, ಡೋಪಾ ಕೊಡಿ ಎಂದು ಬೆನ್ನುಬಿದ್ದ ಹಾರ್ನಿಕೀವಿಚ್ ಇರಲಿಲ್ಲ. ಇನ್ನೂರಕ್ಕೂ ಹೆಚ್ಚು ವಿಜ್ಞಾನಿಗಳು ಸಹಿ ಹಾಕಿ ಬಹಿರಂಗ ಪತ್ರ ಬರೆದರು. ಬಹುಮಾನ ಬದಲಾಗಲಿಲ್ಲ. ಅವರು 2020ರಲ್ಲಿ ತೀರಿಕೊಂಡರು.

ಮಾತ್ರೆ ಬಂತು, ಕಥೆ ಸುಖಾಂತ್ಯ ಅಂತ ಹೇಳಿಬಿಟ್ಟರೆ ಸುಳ್ಳಾಗುತ್ತೆ. ಡೋಪಾ ಕೊರತೆಯನ್ನು ತುಂಬುತ್ತೆ, ಕೋಶಗಳ ಸಾವನ್ನು ನಿಲ್ಲಿಸಲ್ಲ. ಕೆಲವು ವರ್ಷಗಳ ನಂತರ ಮಾತ್ರೆಯ ಪರಿಣಾಮ ಬೇಗ ಇಳಿಯತೊಡಗುತ್ತೆ. ಒಮ್ಮೆ ಮೈ ಕಟ್ಟಿಹಾಕಿದ ಹಾಗೆ, ಇನ್ನೊಮ್ಮೆ ಬೇಡವೆಂದರೂ ಕುಣಿಯುವ ಹಾಗೆ. ದಶಕಗಳ ಕಾಲ ಮರಗಟ್ಟಿದಂತೆ ಕೂತಿದ್ದ ರೋಗಿಗಳು 1969ರಲ್ಲಿ ಡೋಪಾದಿಂದ ಎಚ್ಚೆತ್ತು, ಮತ್ತೆ ತೊಂದರೆಗೆ ಸಿಕ್ಕಿಕೊಂಡ ಬಗೆಯನ್ನು ಆಲಿವರ್ ಸ್ಯಾಕ್ಸ್ 'ಅವೇಕನಿಂಗ್ಸ್' ಪುಸ್ತಕದಲ್ಲಿ ಬರೆದಿದ್ದಾರೆ. ರಾಬಿನ್ ವಿಲಿಯಮ್ಸ್ ನಟಿಸಿದ ಸಿನಿಮಾ ನೀವು ನೋಡಿರಬಹುದು.

ಕೋಶಗಳು ಯಾಕೆ ಸಾಯುತ್ತವೆ ಎಂಬುದಕ್ಕೆ ಒಂದು ಸುಳಿವು ಸಿಕ್ಕಿದ್ದು ನಮ್ಮಲ್ಲಿ ಎಷ್ಟೋ ಜನ ಆನ್‌ಸೈಟ್ ಹೋಗಿಬರುವ ಸ್ಯಾನ್ ಹೋಸೆಯಲ್ಲಿ. 1982ರಲ್ಲಿ ಅಲ್ಲಿನ ವಿಲಿಯಮ್ ಲ್ಯಾಂಗ್‌ಸ್ಟನ್ ಎಂಬ ವೈದ್ಯರ ಬಳಿಗೆ ಚಿಕ್ಕ ವಯಸ್ಸಿನವರು ಮುದುಕರಂತೆ ಮರಗಟ್ಟಿ ಬಂದರು. ಎಲ್ಲರೂ ಕಳ್ಳತನದಲ್ಲಿ ತಯಾರಾದ ಕೃತಕ ಹೆರಾಯಿನ್ ಚುಚ್ಚಿಕೊಂಡವರು. ಅದರಲ್ಲಿ ಬೆರೆತಿದ್ದ ಎಂಪಿಟಿಪಿ ಎಂಬ ಕಲ್ಮಶ ಅವರ ಸಬ್‌ಸ್ಟಾನ್ಷಿಯಾ ನೈಗ್ರಾದ ಕೋಶಗಳನ್ನು ಕೊಂದಿತ್ತು. ಹೊರಗಿನ ಒಂದು ರಾಸಾಯನಿಕ ಈ ರೋಗ ತರಬಲ್ಲದು ಎಂದು ಆಗ ಖಚಿತವಾಯಿತು. ಅದು ದೇಹದೊಳಗೆ ಬದಲಾಗಿ ತಾಳುವ ರೂಪ ಪ್ಯಾರಾಕ್ವಾಟ್ ಎಂಬ ಕಳೆನಾಶಕವನ್ನು ಹೋಲುತ್ತದೆ. ಅಲ್ಲಿಂದ ಮುಂದೆ ಪ್ಯಾರಾಕ್ವಾಟ್ ಬಳಸುವವರಲ್ಲಿ ಪಾರ್ಕಿನ್ಸನ್ ಹೆಚ್ಚು ಎಂದು ಹಲವು ಅಧ್ಯಯನಗಳು ಕಂಡವು. ಅದೇ ಕಾರಣವೇ ಎಂಬ ವಾದ ಇನ್ನೂ ನಡೆದಿದೆ. ಯೂರೋಪಿನ ಒಕ್ಕೂಟದಲ್ಲಿ ಅದು 2007ರಿಂದ ನಿಷಿದ್ಧ. ನಮ್ಮ ಹೊಲ, ತೋಟಗಳಲ್ಲಿ ಇವತ್ತೂ ಬರಿಗೈಯಲ್ಲಿ ಕಲಸಿ, ಬರಿಗಾಲಲ್ಲಿ ನಡೆದು ಹೊಡೀತಾರೆ. ಊರಿಗೆ ಹೋದಾಗ ಅಪ್ಪನಿಗೋ ಮಾವನಿಗೋ ಒಂದು ಜತೆ ಗ್ಲೌಸು, ಮಾಸ್ಕು ತಗೊಂಡು ಹೋಗಿ. ವಾದ ಮುಗಿಯುವವರೆಗೆ ಕಾಯಬೇಕಾಗಿಲ್ಲ.

ಇತ್ತೀಚಿನ ದಿನಗಳಲ್ಲಿ ಎರಡು ದಾರಿಗಳು ತೆರೆದುಕೊಂಡಿವೆ. ಒಂದು, ಬೇಗ ಗುರುತಿಸುವುದು. ಸಾಯುವ ಕೋಶಗಳಲ್ಲಿ ಆಲ್ಫಾ-ಸಿನ್ಯೂಕ್ಲೀನ್ ಎಂಬ ಪ್ರೋಟೀನ್ ಗಂಟುಕಟ್ಟುತ್ತದೆ ಎಂದು 1997ರಲ್ಲಿ ಗೊತ್ತಾಯಿತು. 2023ರಲ್ಲಿ ಸಾವಿರಕ್ಕೂ ಹೆಚ್ಚು ಜನರ ಬೆನ್ನುಹುರಿಯ ದ್ರವದಲ್ಲಿ ಆ ಗಂಟಿನ ಬೀಜವನ್ನು ಪತ್ತೆಹಚ್ಚುವ ಪರೀಕ್ಷೆಯ ಫಲಿತಾಂಶ ಬಂತು. ಎರಡನೆಯದು, ಸತ್ತ ಕೋಶದ ಜಾಗಕ್ಕೆ ಹೊಸ ಕೋಶ ನೆಡುವುದು. 2025ರ ಏಪ್ರಿಲ್‌ನಲ್ಲಿ ನೇಚರ್ ಪತ್ರಿಕೆಯಲ್ಲಿ ಎರಡು ವರದಿಗಳು ಒಟ್ಟಿಗೆ ಬಂದವು. ಒಂದರಲ್ಲಿ ಅಮೆರಿಕ ಮತ್ತು ಕೆನಡಾದ 12 ರೋಗಿಗಳು, ಇನ್ನೊಂದರಲ್ಲಿ ಜಪಾನಿನ ಕ್ಯೋಟೋದ 7 ರೋಗಿಗಳು. ಕಾಂಡಕೋಶಗಳಿಂದ ಬೆಳೆಸಿದ ಡೋಪಮೈನ್ ಕೋಶಗಳನ್ನು ಅವರ ಮೆದುಳಿಗೆ ನೆಟ್ಟಿದ್ದರು. ಕೋಶಗಳು ಬದುಕಿದವು, ಡೋಪಮೈನ್ ತಯಾರಿಸುವ ಸೂಚನೆ ಸ್ಕ್ಯಾನಿನಲ್ಲಿ ಕಂಡಿತು, ಗಡ್ಡೆ ಬೆಳೆಯಲಿಲ್ಲ. ಇದು ಸುರಕ್ಷಿತವೇ ಎಂದು ನೋಡುವ ಮೊದಲ ಹಂತವಷ್ಟೇ. ನಾಳೆಯೇ ಯಾವುದೋ ಕ್ಲಿನಿಕ್ಕಿನವರು 'ಸ್ಟೆಮ್ ಸೆಲ್‌ನಿಂದ ಪಾರ್ಕಿನ್ಸನ್ ವಾಸಿ' ಅಂತ ಬೋರ್ಡ್ ಹಾಕಿದರೆ ನಂಬಿ ಸೈಟು ಮಾರಬೇಡಿ.

ಈ ಇಡೀ ಕಥೆಯಲ್ಲಿ ಹೆಸರಿಲ್ಲದವರು ಒಂದಷ್ಟು ಜನ ಇದ್ದಾರೆ. ವಿಯೆನ್ನಾದ ಆ ಆರು ಮೆದುಳುಗಳು ಆರು ಜನರವು. ಸತ್ತವರ ಮೆದುಳನ್ನು ನೋಡದೆ ಈ ಕಾಯಿಲೆಯ ಗುಟ್ಟು ಬಯಲಾಗುತ್ತಿರಲಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಒಂದು ಮೆದುಳಿನ ಬ್ಯಾಂಕ್ ಇದೆ. ಮನೆಯವರ ಒಪ್ಪಿಗೆಯಿಂದ ದಾನವಾಗಿ ಬಂದ ಮೆದುಳುಗಳನ್ನು ಸಂಶೋಧನೆಗಾಗಿ ಅಲ್ಲಿ ಕಾಪಾಡುತ್ತಾರೆ. ಜತೆಗೊಂದು ಮ್ಯೂಸಿಯಂ ಕೂಡ ಇದೆ, ಸಾಮಾನ್ಯರೂ ಹೋಗಿ ನೋಡಬಹುದು. ಹೊಸೂರು ರಸ್ತೆಯ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ಎಷ್ಟು ಸಲ ಅದರ ಮುಂದೆ ಹಾದುಹೋಗಿದ್ದೀರೋ ಲೆಕ್ಕ ಹಾಕಿ.

ಕೊನೆಯದಾಗಿ ಒಂದು ಕೆಲಸದ ಮಾತು. ಕೈ ನಡುಗುವ ಹೊತ್ತಿಗೆ ಆ ಕಪ್ಪು ಪಟ್ಟಿಯ ಸುಮಾರು ಅರ್ಧದಷ್ಟು ಕೋಶಗಳು ಸತ್ತಿರುತ್ತವೆ. ಅದಕ್ಕೂ ಮೊದಲು ಬರುವ ಸೂಚನೆಗಳು ಬೇರೆ: ಒಗ್ಗರಣೆ ವಾಸನೆಯೂ ಗೊತ್ತಾಗದಿರುವುದು, ವರ್ಷಗಟ್ಟಲೆ ಮಲಬದ್ಧತೆ, ಕನಸು ಕಾಣುತ್ತಾ ನಿದ್ದೆಯಲ್ಲೇ ಕೈಕಾಲು ಬೀಸಿ ಕೂಗುವುದು. ಆಮೇಲೆ ಅಕ್ಷರ ಚಿಕ್ಕದಾಗುತ್ತಾ ಹೋಗುವುದು, ನಡೆಯುವಾಗ ಒಂದು ಕೈ ಬೀಸದಿರುವುದು, ಮುಖದಲ್ಲಿ ನಗು ಕಡಿಮೆಯಾಗುವುದು, ಅಂಗಿ ಗುಂಡಿ ಹಾಕಲು ಹೊತ್ತು ಹಿಡಿಯುವುದು. ಇದ್ದವರಿಗೆಲ್ಲ ಪಾರ್ಕಿನ್ಸನ್ ಅಂತಲ್ಲ, ಬೇರೆ ಕಾರಣಗಳೂ ಇರುತ್ತವೆ. ಆದರೆ ನರರೋಗ ತಜ್ಞರಿಗೆ ಒಮ್ಮೆ ತೋರಿಸುವುದಕ್ಕೆ ಇಷ್ಟು ಸಾಕು. ಡೋಪಾ ಮಾತ್ರೆ ದೇಶದ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ನಾವು ವಾರಕ್ಕೊಮ್ಮೆ ವಿಡಿಯೋ ಕಾಲ್‌ನಲ್ಲಿ ಅಪ್ಪ ಅಮ್ಮನ ಮುಖ ಮಾತ್ರ ನೋಡ್ತೀವಿ. ಮುಂದಿನ ಸಲ ಊರಿಗೆ ಹೋದಾಗ ಅವರ ಜತೆ ತೋಟದ ತನಕ ನಡೆದು ಬನ್ನಿ. ಎರಡೂ ಕೈ ಬೀಸ್ತಾ ಇದೆಯಾ ನೋಡಿ.